ಪಾಳಿ ಬಿಟ್ಟುಕೊಟ್ಟವರು

ಕಂಪ್ಯೂಟರ್ ಕೋಣೆಗಳಿಗೆ ವಾಸನೆ ಇರುವುದಿಲ್ಲ. ಇರಬಾರದೆಂದೇ ಕಿಟಕಿ ಮುಚ್ಚಿ, ತಣ್ಣನೆ ಗಾಳಿ ಹರಿಸಿ, ಚಪ್ಪಲಿ ಹೊರಗೆ ಬಿಡಿಸಿ ಅವನ್ನು ಕಾಪಾಡುತ್ತಾರೆ. ಆದರೆ ಒಂದು ವರ್ಷ ಆಷಾಢದಿಂದ ದೀಪಾವಳಿ ಕಳೆಯುವವರೆಗೆ ನಾನು ಕಾದ ಕೋಣೆಗೆ ವಾಸನೆ ಇತ್ತು, ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಕಳೆದ ತಿಂಗಳು ಪರಿಚಯದವರ ಮನೆಯ ನಾಮಕರಣಕ್ಕೆಂದು ಚನ್ನಗಿರಿಯಲ್ಲಿ ಬಸ್ಸಿಳಿದಾಗ ಎಲ್ಲೋ ಹತ್ತಿರದ ಕಣದಲ್ಲಿ ಹಂಡೆ ಕುದಿಯುತ್ತಿತ್ತು. ಆ ಒಗರು ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ತೋಟವೂ ಅಲ್ಲ, ಮಂಡಿಯೂ ಅಲ್ಲ. ಹದಿನಾರು ಕಂಪ್ಯೂಟರುಗಳ ಪುಟ್ಟ ಹಸಿರು ದೀಪಗಳು. ನಾಮಕರಣದ ಮನೆಯಲ್ಲಿ ಹೋಳಿಗೆ ಹಿಡಿದು ನಿಂತವರು "ಇನ್ನೊಂದು ಹಾಕ್ಲೇನ್ರಿ" ಎಂದು ಕೇಳುತ್ತಲೇ ಇದ್ದರಂತೆ, ನನಗೆ ಕೇಳಿಸಲೇ ಇಲ್ಲವಂತೆ.

ನಾನು ಹಾಸನದ ಕಡೆಯವಳು. ಲಿನಕ್ಸ್ ಎಂಬ ತಂತ್ರಾಂಶದ ಮೇಲೆ ನಡೆಯುವ ಯಂತ್ರಗಳನ್ನು ಕೂರಿಸುವುದು, ಕೂರಿಸಿದ ಮೇಲೆ ಅವು ಮುನಿಸಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕಸುಬು. ಚನ್ನಗಿರಿಯಿಂದ ಕತ್ತಲಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಆಗ ಒಂದು ಸಣ್ಣ ಸಂಶೋಧನಾ ಕೇಂದ್ರ ಶುರುವಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಕಾಲೇಜು ಮೇಷ್ಟರು, ಪಿಎಚ್.ಡಿ. ಮಾಡುವವರು ದೊಡ್ಡ ಲೆಕ್ಕಗಳಿಗಾಗಿ ದೂರದ ಊರುಗಳ ಬಾಗಿಲು ಕಾಯುವುದು ಬೇಡ ಎಂದು ಯಾರೋ ಪುಣ್ಯಾತ್ಮರು ಅಲ್ಲಿಗೊಂದು ಕ್ಲಸ್ಟರ್ ಮಂಜೂರು ಮಾಡಿಸಿದ್ದರು. ಕ್ಲಸ್ಟರ್ ಎಂದರೆ ಹೆದರಬೇಕಾದದ್ದೇನಿಲ್ಲ. ಹದಿನಾರು ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನು ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿ, ವೇಗದ ಕೇಬಲ್ಲುಗಳಿಂದ ಬೆಸೆದು, ಹದಿನಾರೂ ಸೇರಿ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಂತೆ ಕಲಿಸುವುದು. ಒಬ್ಬರು ಮಾಡಿದರೆ ವರ್ಷ ಹಿಡಿಯುವ ಕೆಲಸ ತಿಂಗಳೊಳಗೆ ಮುಗಿಯುತ್ತದೆ. ನಾಟಿಗೆ ಆಳು ಕೂಡಿಸಿದ ಹಾಗೆ ಎಂದು ಅಲ್ಲಿಯ ಎಲೆಕ್ಟ್ರಿಷಿಯನ್ ಹನುಮಂತಣ್ಣನಿಗೆ ಹೇಳಿದ್ದೆ. ಅವರು, "ನಾಟಿ ಆಳಿಗಾದ್ರೆ ಮಧ್ಯಾಹ್ನ ಊಟ ಹಾಕಬೇಕು, ಇವುಕ್ಕೆ ಏನು ಹಾಕ್ತೀರಿ?" ಎಂದರು. "ಕರೆಂಟು" ಎಂದೆ. "ಹಂಗಾದ್ರೆ ಉಪವಾಸ ಗ್ಯಾರಂಟಿ" ಎಂದರು.

ಹನುಮಂತಣ್ಣ ಕೆರೆಬಿಳಚಿಯವರು. ಐವತ್ತು ದಾಟಿದ ಆಸಾಮಿ. ಬಾಯಿ ತುಂಬ ಎಲೆ ಅಡಿಕೆ, ಕಿವಿಯ ಮೇಲೆ ಟೆಸ್ಟರು. ಲಾರಿಯಲ್ಲಿ ಬಂದ ಚೌಕಟ್ಟು ಬಾಗಿಲಿಗಿಂತ ಎರಡು ಬೆರಳು ಎತ್ತರವಾಗಿ ಒಳಗೆ ಹೋಗದೆ ನಿಂತಾಗ, ನಮ್ಮ ನಿರ್ದೇಶಕ ಮಹೇಶ್ವರಪ್ಪನವರು ಕಟ್ಟಡ ಕಟ್ಟಿಸಿದವರಿಗೆ ಫೋನ್ ಹಚ್ಚಿ ಬೈಯುತ್ತಿದ್ದರೆ, ಹನುಮಂತಣ್ಣ ಸದ್ದಿಲ್ಲದೆ ಬಾಗಿಲ ಚೌಕಟ್ಟನ್ನೇ ಬಿಚ್ಚಿಸಿ ಬಿಸಾಕಿದ್ದರು. ಬುದ್ಧಿವಂತರು ಅಂದುಕೊಂಡೆ. ಮಾರನೆಯ ದಿನ ನೋಡಿದರೆ ಅದೇ ಮಹಾನುಭಾವರು, ಕಂಪ್ಯೂಟರು ತಂಪಾಗಿರಲಿ ಎಂದು ಬಾಳೆಗೊನೆಯ ಅಂಗಡಿಯವರು ಮಾಡುವಂತೆ ಒದ್ದೆ ಗೋಣಿಚೀಲ ತಂದು ಚೌಕಟ್ಟಿನ ಮುಂದೆ ತೂಗುಹಾಕಿದ್ದರು. ನಾನು ಕೂಗಿಕೊಂಡ ರೀತಿಗೆ ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಅವರೇ ಟೀ ತಂದುಕೊಟ್ಟರು.

ಲಿನಕ್ಸ್ ಹಾಕುವ ಕೆಲಸ ನನಗೆ ಯಾವಾಗಲೂ ಖುಷಿ. ಒಂದು ಯಂತ್ರವನ್ನು ಯಜಮಾನನೆಂದು ಮಾಡಿ ಅದಕ್ಕೆಲ್ಲ ಕಲಿಸಿಬಿಟ್ಟರೆ, ಉಳಿದ ಹದಿನೈದು ಎದ್ದ ಕೂಡಲೇ ಅದರಿಂದಲೇ ಎಲ್ಲವನ್ನೂ ಕೇಳಿ ಕಲಿಯುತ್ತವೆ. ಹನುಮಂತಣ್ಣ ಆ ಮೊದಲ ಯಂತ್ರಕ್ಕೆ "ಗೌಡ್ರು" ಎಂದು ಹೆಸರಿಟ್ಟರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಇಣುಕಿ, "ಗೌಡ್ರು ಎದ್ರೇನ್ರಿ ಮೇಡಂ?" ಎಂದು ಕೇಳುವುದು ವಾಡಿಕೆಯಾಯಿತು. ಉಳಿದವಕ್ಕೆ ದೇವರ ಹೆಸರಿಡೋಣ ಎಂದು ಮಹೇಶ್ವರಪ್ಪನವರು ಹೇಳಿದರು. ಯಂತ್ರ ಕೆಟ್ಟ ದಿನ ದೇವರು ಕೆಟ್ಟರು ಎಂದು ಬರೆಯಬೇಕಾಗುತ್ತದೆ ಸಾರ್ ಎಂದೆ. ಕೊನೆಗೆ ಊರುಗಳ ಹೆಸರಿಟ್ಟೆವು: ಉಬ್ರಾಣಿ, ಕತ್ತಲಗೆರೆ, ಕೆರೆಬಿಳಚಿ, ಹೀಗೆ. ಅಂದಿನಿಂದ ಕೆರೆಬಿಳಚಿ ಎಂಬ ಯಂತ್ರದ ಮೇಲೆ ಧೂಳು ಕಂಡವರಿಲ್ಲ. ಹನುಮಂತಣ್ಣ ಬೇರೆಯವಕ್ಕೆ ಬಟ್ಟೆ ಝಾಡಿಸಿದರೆ ಅದನ್ನು ಮಾತ್ರ ಒರೆಸುತ್ತಿದ್ದರು.

ಶ್ರಾವಣದ ಹೊತ್ತಿಗೆ ಯಂತ್ರ ಕೆಲಸಕ್ಕೆ ಸಿದ್ಧವಾಯಿತು. ಜನ ಬಂದರು. ಲೆಕ್ಕಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಒಳಗೆ ಬಿಡುವ ಕೆಲಸ ಶೆಡ್ಯೂಲರ್ ಎಂಬ ಪ್ರೋಗ್ರಾಮಿನದು. ಯಾರು ಈಗಾಗಲೇ ಹೆಚ್ಚು ಬಳಸಿದ್ದಾರೋ ಅವರನ್ನು ಅದು ಹಿಂದಕ್ಕೆ ತಳ್ಳುತ್ತದೆ, ಕಡಿಮೆ ಬಳಸಿದವರನ್ನು ಮುಂದಕ್ಕೆ ಕರೆಯುತ್ತದೆ. ನ್ಯಾಯ ಎಂದರೆ ಇದೇ ಎಂದು ನನಗೆ ಬಹಳ ಹೆಮ್ಮೆ. ಮೊದಲ ತಿಂಗಳಲ್ಲೇ ಮಹೇಶ್ವರಪ್ಪನವರು ತಮ್ಮ ಸ್ನೇಹಿತರೊಬ್ಬರ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಹಾಕಿ ಎಂದು ಮೆಲ್ಲಗೆ ಹೇಳಿದಾಗ, ನಾನು ಎಲ್ಲರೆದುರು ಆಗುವುದಿಲ್ಲ ಎಂದು ಹೇಳಿದ್ದಲ್ಲದೆ, ಬಳಕೆದಾರರ ಸಭೆ ಕರೆದು, ಸರದಿಗೆ ಯಾರೂ ಕೈ ಹಾಕುವಂತಿಲ್ಲ ಎಂದು ನಿಯಮ ಮಾಡಿಸಿ ಬಾಗಿಲಿಗೆ ಅಂಟಿಸಿದೆ. ಮಹೇಶ್ವರಪ್ಪನವರು ಅದಕ್ಕೆ ಸಹಿ ಹಾಕುತ್ತ, "ಒಳ್ಳೇದೇ ಆತು ಬಿಡ್ರಿ, ಇನ್ಮೇಲೆ ಕೇಳಿದವರಿಗೆ ನಿಮ್ಮನ್ನ ತೋರಿಸ್ತೀನಿ" ಎಂದರು.

ಬರುವವರಲ್ಲಿ ಹೊನ್ನಾಳಿಯ ರುದ್ರಪ್ಪ ಮೇಷ್ಟರು ಎಂದರೆ ನನಗೆ ವಿಶೇಷ ಪ್ರೀತಿ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು. ಜೀವನವಿಡೀ ಕಪ್ಪು ಹಲಗೆಯ ಮೇಲೆ ವೃತ್ತ ಬರೆದು ಇದು ಗೆಲಾಕ್ಸಿ ಎಂದು ನಂಬಿಸಿದವರಿಗೆ, ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆಯುವುದನ್ನು ಲೆಕ್ಕ ಹಾಕಿ ಪರದೆಯ ಮೇಲೆ ಮಕ್ಕಳಿಗೆ ತೋರಿಸುವ ಆಸೆ. ಮನೆಯಲ್ಲೇ ಕೂತು ನೆಟ್ಟಿನಲ್ಲಿ ಕೆಲಸ ಕೊಡಬಹುದು ಸಾರ್ ಎಂದು ಎಷ್ಟು ಹೇಳಿದರೂ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದೇ ಬರುವರು. ಗಾಜಿನ ಬಾಗಿಲಿನಾಚೆ ನಿಂತು ಮಿನುಗುವ ದೀಪಗಳನ್ನು ನೋಡುತ್ತ, "ಇದ್ರಾಗೆ ಯಾವುದು ನಂದು?" ಎಂದು ಕೇಳುವರು. ಹೇಳಲಾಗುವುದಿಲ್ಲ ಸಾರ್, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ ಎಂದರೆ, "ಹಂಗಾದ್ರೆ ಎಲ್ಲಾನೂ ನೋಡ್ಕಂಡು ಹೋಗ್ತೀನಿ" ಎನ್ನುವರು.

ಇನ್ನೊಬ್ಬಳು ನಾಗವೇಣಿ. ಜಗಳೂರು ತಾಲ್ಲೂಕಿನವಳು, ಮದುವೆಯಾಗಿ ಒಂದು ಮಗುವಿದ್ದವಳು. ಜಗಳೂರಿನ ಕೆರೆಗಳಿಗೆ ಹೊಳೆಯ ನೀರು ತುಂಬಿಸಿದರೆ ನೆಲದೊಳಗೆ ಆ ನೀರು ಎಲ್ಲೆಲ್ಲಿಗೆ ಹರಿಯುತ್ತದೆ, ಯಾವ ಊರಿನ ಬೋರ್‌ವೆಲ್ಲಿಗೆ ಎಷ್ಟು ವರ್ಷಕ್ಕೆ ಮುಟ್ಟುತ್ತದೆ ಎಂಬುದು ಅವಳ ಪಿಎಚ್.ಡಿ. ಇಡೀ ತಾಲ್ಲೂಕಿನ ನೆಲವನ್ನು ಸಣ್ಣ ಸಣ್ಣ ಚೌಕ ಮಾಡಿ ಲೆಕ್ಕ ಹಾಕಬೇಕಾದ್ದರಿಂದ ಹದಿನಾರೂ ಯಂತ್ರ ಒಟ್ಟಿಗೆ, ಸುಮಾರು ಹತ್ತು ದಿನ ಬೇಕು. ಪ್ರೋಗ್ರಾಮು ಅವಳ ಗೈಡ್ ಎಂದೋ ಬರೆದದ್ದು. ಮಧ್ಯೆ ನಿಂತರೆ ಮತ್ತೆ ಮೊದಲಿನಿಂದಲೇ. ಬಾಣಂತನ, ಕಾಯಿಲೆ ಎಂದು ಅವಧಿ ವಿಸ್ತರಿಸಿಕೊಂಡು ವಿಸ್ತರಿಸಿಕೊಂಡು ಇದು ಕೊನೆಯ ಸಲ. ದೀಪಾವಳಿ ರಜೆ ಶುರುವಾಗುವ ಮುಂಚೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು, ಆರು ವರ್ಷದ ಕೆಲಸ ನೀರುಪಾಲು. "ನೀರಿನ ಮೇಲೇ ಮಾಡಿದ್ದು, ನೀರಿಗೇ ಹೋಗ್ತೈತೆ ಬಿಡ್ರಿ" ಎಂದು ಅವಳೇ ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ.

ಗಣಪತಿ ಹಬ್ಬದ ಸುಮಾರಿಗೆ ಅವಳ ಸರದಿ ಬಂತು. ಲೆಕ್ಕ ಚೆನ್ನಾಗಿಯೇ ಓಡುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಗುಡುಗು ಮಳೆಗೆ ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರು ಒಂದು ದಿನ ಎಳೆದು ಅದೂ ಕೈ ಚೆಲ್ಲಿತು. ಹದಿನಾರು ದೀಪ ಒಟ್ಟಿಗೆ ಆರಿದವು. ಅವಳಿಗೆ ಫೋನ್ ಮಾಡಿ ಹೇಳಿದಾಗ ಎಷ್ಟು ದಿನದ ಕೆಲಸ ಹೋಯಿತು ಎಂದು ಕೇಳಿದಳು. ಆಮೇಲೆ, "ಇರ್ಲಿ ಮೇಡಂ, ಮತ್ತೆ ಹಾಕ್ತೀನಿ" ಎಂದಳು.

ವಾರಗಳ ಮೇಲೆ ಹೊಸ ಟ್ರಾನ್ಸ್‌ಫಾರ್ಮರ್ ಬಂದಾಗ ಹಾಕಿದಳು. ಆದರೆ ನನ್ನ ನ್ಯಾಯವಂತ ಶೆಡ್ಯೂಲರ್, ಸುಟ್ಟುಹೋದ ಆ ವಾರವನ್ನೂ ಅವಳು ಬಳಸಿದ ಲೆಕ್ಕಕ್ಕೇ ಹಾಕಿ, ಅವಳನ್ನು ಸರದಿಯ ಕೊನೆಗೆ ತಳ್ಳಿತ್ತು. ಅವಳ ಮುಂದೆ ಮೂವರಿದ್ದರು: ನಮ್ಮದೇ ಕೇಂದ್ರದ ಮಹೇಶ್ವರಪ್ಪನವರ ಹವಾಮಾನದ ಲೆಕ್ಕ, ನ್ಯಾಮತಿಯ ಶಾಹಿದಾ ಮೇಡಂ ಅವರ ಅಡಿಕೆ ಕೊಳೆರೋಗದ ಸೂಕ್ಷ್ಮಜೀವಿಯ ಲೆಕ್ಕ, ರುದ್ರಪ್ಪ ಮೇಷ್ಟರ ಗೆಲಾಕ್ಸಿ. ದಸರಾ ಮುಗಿದು ನೋಡಿದರೆ, ಅವರೆಲ್ಲ ಮುಗಿಸಿ ಇವಳ ಸರದಿ ಬರುವುದು ದೀಪಾವಳಿ ಕಳೆದ ಮೇಲೆ. ಕೈ ಹಾಕಿ ಸರಿಪಡಿಸೋಣವೆಂದರೆ ಬಾಗಿಲ ಮೇಲೆ ನನ್ನದೇ ಹಾಳೆ. ಮಹೇಶ್ವರಪ್ಪನವರ ಬಳಿ ಹೋದೆ. ಅವರು ಕನ್ನಡಕ ತೆಗೆದು, "ನಿಯಮ ಮಾಡಿದ್ದು ನೀವೇ ಅಲ್ಲೇನ್ರಿ. ಇವತ್ತು ಈ ಹುಡುಗಿಗೆ ಮಾಡಿದ್ರೆ ನಾಳೆ ನನ್ನ ಸ್ನೇಹಿತ್ರಿಗೂ ಮಾಡಬೇಕಾಗುತ್ತೆ" ಎಂದರು. ಮಾತು ಸರಿಯಾಗಿಯೇ ಇತ್ತು. ಕೋಪ ಮಾತ್ರ ಬಂತು, ಯಾರ ಮೇಲೆ ಅಂತ ಗೊತ್ತಾಗದೆ.

ಅವತ್ತು ನಾಗವೇಣಿ ಕೇಂದ್ರದಲ್ಲೇ ಇದ್ದಳು. ಅವಳು, ನಾನು, ಹನುಮಂತಣ್ಣ ಮೂವರೂ ಜಗಲಿಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆವು. ಹನುಮಂತಣ್ಣ ಎಲ್ಲ ಕೇಳಿಸಿಕೊಂಡು, "ಅಲ್ರೀ, ಇದ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕಂತೀರಿ? ಪಾಳಿ ಕೇಳಾಕೆ ಹೋಗ್ರಿ" ಎಂದರು.

"ಹಂಗಂದ್ರೆ?" ಎಂದಳು ನಾಗವೇಣಿ. ಬೋರ್‌ವೆಲ್ ನಂಬಿದ ಜಗಳೂರಿನವಳಿಗೆ ನಾಲೆ ನೀರಿನ ಪಾಳಿ ಎಲ್ಲಿಂದ ಗೊತ್ತಿರಬೇಕು.

ಹನುಮಂತಣ್ಣ ಬಾಯೊಳಗಿನ ಎಲೆ ಅಡಿಕೆ ಉಗಿದು ಬಂದು ಹೇಳತೊಡಗಿದರು. "ನಮ್ಮದು ಭದ್ರಾ ನಾಲೆಯ ಕೊನೆ ಭಾಗ. ನೀರು ಪಾಳಿ ಮೇಲೆ ಬರ್ತೈತೆ. ನನ್ನ ಪಾಳಿ ಇನ್ನೂ ದೂರ ಐತೆ, ಭತ್ತ ಹೊಡೆ ಬಿಚ್ಚೈತೆ, ನೀರಿಲ್ದಿದ್ರೆ ಜೊಳ್ಳಾಗುತ್ತೆ ಅನ್ಕಳ್ರಿ. ಅವಾಗ ಪಾಳಿ ಇರೋರ ಹತ್ರ ನಾನೇ ಹೋಗಿ ಕೇಳ್ಬೇಕು. ಫೋನಿನಾಗೆ ಕೇಳಂಗಿಲ್ಲ, ಇನ್ನೊಬ್ರನ್ನ ಕಳಿಸಂಗಿಲ್ಲ. ನನಗೂ ನೀರಿಗೂ ಮಧ್ಯ ಎಷ್ಟು ಜನ ಇರ್ತಾರೋ ಅಷ್ಟೂ ಜನರ್ನ ಕೇಳ್ಬೇಕು. ಒಬ್ಬ ಬಿಟ್ಟು ಇನ್ನೊಬ್ಬ ತನ್ನ ಗದ್ದೆಗೆ ಮಡೆ ತೆಗೆದ್ರೆ ನೀರು ನನ್ನ ಗದ್ದೆಗೆ ಬರುತ್ತೇನು?"

"ಕೊಡಲ್ಲ ಅಂದ್ರೆ?" ಎಂದೆ ನಾನು.

"ಮನೆ ಬಾಗಿಲಿಗೆ ಬಂದು ಕೇಳಿದೋರಿಗೆ ಹೆಂಗ್ರಿ ಇಲ್ಲ ಅಂತಾರೆ? ಆದ್ರೆ ಒಂದು ಐತೆ. ಕೇಳಿ ಪಡೆದೋರು ನೀರು ಹರಿಯೋಗಂಟ ಬದುವಿನ ಮೇಲೇ ಇರ್ಬೇಕು. ಬೇರೆಯವ್ರ ನೀರು ಅದು. ಮನೇಲಿ ಮಲಗಿ ಪೋಲು ಮಾಡಂಗಿಲ್ಲ."

ನನ್ನ ತಲೆಯೊಳಗೆ ದೀಪ ಹತ್ತಿತು. ಸರದಿಗೆ ನಾನು ಕೈ ಹಾಕುವಂತಿಲ್ಲ, ನಿಜ. ಆದರೆ ಯಾರೇ ಆಗಲಿ ತಮ್ಮ ಲೆಕ್ಕವನ್ನು ತಾವೇ ತಡೆಹಿಡಿದುಕೊಳ್ಳಬಹುದು. ಅದಕ್ಕೆ ಒಂದು ಸಾಲಿನ ಆದೇಶ ಇದೆ, ಜಾಗವೂ ಹೋಗುವುದಿಲ್ಲ. ಮುಂದಿರುವ ಮೂವರೂ ತಡೆಹಿಡಿದರೆ ಶೆಡ್ಯೂಲರ್ ತಾನಾಗಿ ನಾಗವೇಣಿಯನ್ನು ಕರೆಯಲೇಬೇಕು. ನಿಯಮವೂ ಉಳಿಯಿತು, ಹುಡುಗಿಯೂ ಉಳಿದಳು.

ಮಹೇಶ್ವರಪ್ಪನವರು ಪಕ್ಕದ ಕೋಣೆಯವರೇ ಆದ್ದರಿಂದ ಅಲ್ಲಿಂದಲೇ ಶುರು. ನಾಗವೇಣಿ ಒಬ್ಬಳೇ ಒಳಗೆ ಹೋದಳು. ಹೊರಗೆ ಬಂದಾಗ ಹಿಂದೆಯೇ ಅವರೂ ಬಂದು, "ಆ ತಡೆಹಿಡಿಯೋದು ಹೆಂಗೆ ಅಂತ ಸ್ವಲ್ಪ ತೋರಿಸ್ರಿ" ಎಂದು ನನ್ನ ಮುಖ ನೋಡದೆ ಹೇಳಿದರು. ನಿಯಮ ತೋರಿಸಿದವರ ಬಾಯಿಂದ ಅಷ್ಟು ಮೆತ್ತನೆಯ ಮಾತು ನಾನು ಕೇಳಿರಲಿಲ್ಲ.

ಭಾನುವಾರ ನಾವಿಬ್ಬರೂ ಬಸ್ಸು ಹತ್ತಿದೆವು. ಮೊದಲು ನ್ಯಾಮತಿ. ಶಾಹಿದಾ ಮೇಡಂ ಮಾತು ಮುಗಿಯುವ ಮೊದಲೇ ಲ್ಯಾಪ್‌ಟಾಪ್ ತೆಗೆದು, "ನನ್ನ ಕೊಳೆರೋಗ ಎಲ್ಲಿಗೂ ಓಡಿ ಹೋಗಲ್ಲ, ಬರೋ ಮಳೆಗಾಲಕ್ಕೂ ಇರುತ್ತೆ" ಎಂದು ತಡೆಹಿಡಿದೇಬಿಟ್ಟರು. ಊಟ ಮಾಡದೆ ಹೋಗಲು ಮಾತ್ರ ಬಿಡಲಿಲ್ಲ. ಎಲ್ಲ ಇಷ್ಟು ಸುಲಭವೇ ಎಂದುಕೊಂಡು ಹೊನ್ನಾಳಿಗೆ ಬಂದೆವು.

ರುದ್ರಪ್ಪ ಮೇಷ್ಟರು ಮನೆಯ ಮುಂದಿನ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದರು. "ಬರ್ರಿ, ಬರ್ರಿ, ಏನು ನನ್ನ ಗೆಲಾಕ್ಸಿ ಒಡೆದು ಹೋತೇನು?" ಎಂದು ಎದ್ದರು. ನಾಗವೇಣಿ ಬಂದ ಕಾರಣ ಹೇಳಿದಳು. ಅವರು ಪೇಪರು ಮಡಚಿ, ಪರೀಕ್ಷೆಯ ವೈವಾದಲ್ಲಿ ಕೇಳುವಂತೆ ಒಂದೊಂದೇ ಪ್ರಶ್ನೆ ಕೇಳಿದರು. ಜಗಳೂರಿನ ನೆಲದ ಕಲ್ಲು ಯಾವುದು? ಬಿರುಕು ಹೆಂಗೆ ಲೆಕ್ಕಕ್ಕೆ ತಗಂತೀಯ? ಮಳೆ ಬಾರದ ವರ್ಷ ಏನು ಮಾಡ್ತೀಯ? ಅವಳು ಮೊದಲು ತಡವರಿಸಿ, ಆಮೇಲೆ ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಎಳೆದು ಹೇಳತೊಡಗಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಎಷ್ಟು ದಿನ ಬೇಕು ನಿನಗೆ?"

"ಹತ್ತು ದಿನ ಸಾರ್."

ಮೇಷ್ಟರು ಒಳಗೆ ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದರು. ಅವರ ಹೆಂಡತಿ ಗಿರಿಜಮ್ಮ ಒಗ್ಗರಣೆ ಮಂಡಕ್ಕಿ ತಂದವರು, ಏನೋ ಹೇಳಲು ಬಾಯಿ ತೆರೆದರು. ಮೇಷ್ಟರು, "ನೀನು ಟೀ ಇಡು ಹೋಗು" ಎಂದರು. ಆಮೇಲೆ ನಾಗವೇಣಿಗೆ, "ಆಗ್ಲಿ ತಾಯಿ, ತಗಾ. ಗೆಲಾಕ್ಸಿಗೆ ಏನು ಅವಸರ, ಕೋಟಿ ವರ್ಷ ಕಾದೈತೆ" ಎಂದರು.

ಮಾರನೆಯ ದಿನವೇ ಲೆಕ್ಕ ಹೊರಟಿತು. ನಾಗವೇಣಿ ಮಗುವನ್ನು ಅತ್ತೆಯ ಬಳಿ ಬಿಟ್ಟು, ಒಂದು ಚೀಲ ಬಟ್ಟೆ, ಒಂದು ಗಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹಿಡಿದು ಬಂದೇಬಿಟ್ಟಳು. ಕೇಂದ್ರದ ಅತಿಥಿ ಕೋಣೆಯಲ್ಲಿ ಮಲಗುವುದು, ಬೆಳಗಾದರೆ ಯಂತ್ರದ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಪ್ರಬಂಧದ ಉಳಿದ ಅಧ್ಯಾಯ ತಿದ್ದುವುದು. ನಾನು ಎಷ್ಟು ಹೇಳಿದೆ! ಇಲ್ಲಿ ಕೂರುವ ಅಗತ್ಯವೇ ಇಲ್ಲ ಕಣೇ, ಏನಾದರೂ ಹೆಚ್ಚು ಕಡಿಮೆಯಾದರೆ ನನ್ನ ಫೋನಿಗೆ ಸಂದೇಶ ಬರುತ್ತದೆ, ಅದಕ್ಕೆಂದೇ ಪ್ರೋಗ್ರಾಮು ಬರೆದಿದ್ದೇನೆ ಎಂದೆ. "ಹನುಮಂತಣ್ಣ ಇರ್ಬೇಕು ಅಂದಾರಲ್ಲ ಮೇಡಂ" ಎಂದಳು. ಎಂ.ಟೆಕ್ ಓದಿದ ಹುಡುಗಿ! ನಾನು ಹಣೆ ಚಚ್ಚಿಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ರೊಟ್ಟಿಯಲ್ಲಿ ಅರ್ಧ ಪಾಲು ನಾನೇ ತಿಂದೆ.

ಅದು ಮೆಕ್ಕೆಜೋಳದ ಸುಗ್ಗಿ. ನಮ್ಮ ಒಂದು ಮಗ್ಗುಲಲ್ಲಿ ಅಡಿಕೆ ಬೇಯಿಸುವ ಹಂಡೆಗಳಾದರೆ, ಇನ್ನೊಂದು ಮಗ್ಗುಲ ಬಯಲಿನಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ನು. ಅದರಿಂದ ಏಳುವ ಕೆಂಪು ಹೊಟ್ಟು ಹಗುರವಾಗಿ ಗಾಳಿಯಲ್ಲಿ ತೇಲಿ ಬಂದು ತಲೆಗೂದಲು, ಟೀ ಲೋಟ, ಏಸಿಯ ಜಾಲರಿ ಎಲ್ಲಿ ಬೇಕೆಂದರಲ್ಲಿ ಕೂರುತ್ತಿತ್ತು. ಹನುಮಂತಣ್ಣ ವಾರಕ್ಕೊಮ್ಮೆ ಜಾಲರಿ ತೊಳೆಯುತ್ತಿದ್ದರು. ಆ ವಾರ ಸುತ್ತಲಿನವರೆಲ್ಲ ಒಟ್ಟಿಗೇ ಮಿಷನ್ನು ಹಚ್ಚಿದ್ದು ನಮಗೆ ತಿಳಿಯಲಿಲ್ಲ.

ಲೆಕ್ಕ ಅರ್ಧ ದಾಟಿತ್ತು. ನಾನು ಒಂದು ಬಿಡಿಭಾಗ ತರಲು ದಾವಣಗೆರೆಗೆ ಹೋಗಿದ್ದೆ. ಫೋನು ಸುಮ್ಮನಿತ್ತು; ಎಲ್ಲ ಕ್ಷೇಮ ಎಂದುಕೊಂಡು ಬೆಣ್ಣೆ ದೋಸೆ ತಿನ್ನುತ್ತಿದ್ದೆ. ಅತ್ತ ರಸ್ತೆ ಅಗೆಯುತ್ತಿದ್ದ ಜೆಸಿಬಿ ನಮ್ಮ ಇಂಟರ್ನೆಟ್ಟಿನ ಕೇಬಲ್ ಕತ್ತರಿಸಿ ಹಾಕಿತ್ತು. ನನ್ನ ಪ್ರೋಗ್ರಾಮು ಸಂದೇಶದ ಮೇಲೆ ಸಂದೇಶ ಬರೆದು, ಕಳಿಸಲು ದಾರಿಯಿಲ್ಲದೆ ಒಳಗೇ ಇಟ್ಟುಕೊಂಡು ಕೂತಿತ್ತು. ಏಸಿಯ ಜಾಲರಿ ಹೊಟ್ಟಿನಿಂದ ಪೂರಾ ಕಟ್ಟಿಹೋಗಿತ್ತು.

ಗೊತ್ತಾದದ್ದು ಹೊರಗೆ ಕೂತಿದ್ದ ನಾಗವೇಣಿಗೆ. ಬಾಗಿಲ ಸಂದಿಯಿಂದ ದಿನವೂ ಕಾಲಿಗೆ ತಣ್ಣಗೆ ತಾಕುತ್ತಿದ್ದ ಗಾಳಿ ಅವತ್ತು ಬೆಚ್ಚಗೆ ತಾಕಿತಂತೆ. ಎದ್ದು ಬಾಗಿಲು ತೆಗೆದರೆ ಒಳಗೆ ಬೇಸಿಗೆ. ಅವಳು ಹನುಮಂತಣ್ಣನನ್ನು ಕೂಗಿದಳು. ಅವರು ಬಂದು ಜಾಲರಿ ಕಿತ್ತು ಅವಳ ಕೈಗೆ ಕೊಟ್ಟು, "ತೊಳಿ, ಉಜ್ಜಬೇಡ" ಎಂದು, ತಾವು ಪಕ್ಕದ ಕಣಕ್ಕೆ ಓಡಿ, ಕಾಳು ತೂರುವ ದೊಡ್ಡ ಫ್ಯಾನನ್ನು ಇಬ್ಬರು ಆಳುಗಳಿಂದ ಹೊರಿಸಿಕೊಂಡು ಬಂದರು. ಹಿಂದಿನ ಬಾಗಿಲು ತೆಗೆದು, ಬಿಸಿಗಾಳಿಯೆಲ್ಲ ಹೊರಕ್ಕೆ ನುಗ್ಗುವಂತೆ ಅದನ್ನು ಚೌಕಟ್ಟಿನ ಹಿಂದೆ ನಿಲ್ಲಿಸಿದರು. ಸಂಜೆ ನಾನು ಬಂದಾಗ ನನ್ನ ಕೋಣೆ ಕಣವಾಗಿತ್ತು. ಹೊಟ್ಟು, ಚೊಗರಿನ ವಾಸನೆ, ಗಿರ್ರೆನ್ನುವ ಫ್ಯಾನು, ಅದರ ಮಧ್ಯೆ ಮಿನುಗುತ್ತಿದ್ದ ಹದಿನಾರು ಹಸಿರು ದೀಪ. ಯಂತ್ರಗಳು ಬಿಸಿಗೆ ತಮ್ಮಷ್ಟಕ್ಕೆ ತಾವೇ ನಿಧಾನ ಮಾಡಿಕೊಂಡಿದ್ದವು, ಆದರೆ ನಿಂತಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಾಗವೇಣಿಯ ಎರಡೂ ಕೈ ಹಿಡಿದುಕೊಂಡು ಏನು ಹೇಳಿದೆನೋ ನೆನಪಿಲ್ಲ, ಅತ್ತದ್ದು ನೆನಪಿದೆ.

ನಿಧಾನವಾದ್ದರಿಂದ ಹತ್ತು ದಿನದ ಕೆಲಸ ಇನ್ನೆರಡು ದಿನ ಎಳೆಯಿತು. ಮುಗಿದದ್ದು ಹೊಸ ತಿಂಗಳ ಮೊದಲ ಬೆಳಿಗ್ಗೆ. ನಾಗವೇಣಿ ಫಲಿತಾಂಶವನ್ನು ಎದೆಗವಚಿಕೊಂಡು ಜಗಳೂರಿನ ಬಸ್ಸು ಹತ್ತಿದಳು. ನಾನು ಮೂವರಿಗೂ ಫೋನು ಮಾಡಿದೆ, ಇನ್ನು ನಿಮ್ಮ ಲೆಕ್ಕ ಬಿಡಬಹುದು ಎಂದು ಹೇಳಲು. ರುದ್ರಪ್ಪ ಮೇಷ್ಟರ ಫೋನು ಎತ್ತಿದ್ದು ಗಿರಿಜಮ್ಮ.

"ಅವ್ರು ನಿನ್ನೆ ರಿಟೈರಾದ್ರಮ್ಮ," ಎಂದರು. "ಕೊನೇ ಕ್ಲಾಸಿನಾಗೆ ಹುಡುಗ್ರಿಗೆ ಅದೇನೋ ಗೆಲಾಕ್ಸಿ ತೋರಿಸ್ಬೇಕು ಅಂತ ಇದ್ರು. ನೀವು ಬಂದ ದಿನ ಹೇಳಾಕೆ ಹೋದೆ, ನನ್ನನ್ನ ಟೀ ಇಡಾಕೆ ಕಳಿಸಿದ್ರು."

ಆಮೇಲೆ ಮೇಷ್ಟರೇ ಫೋನು ತೆಗೆದುಕೊಂಡರು. "ನಂದು ರದ್ದು ಮಾಡಿಬಿಡಮ್ಮ. ಬೇರೆಯವ್ರಿಗಾದ್ರೂ ಬೇಗ ಬರ್ಲಿ. ಇನ್ನು ಯಾರಿಗೆ ತೋರ್ಸಾಕೆ?" ಎಂದರು. ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ನಾನು ರದ್ದು ಮಾಡಲಿಲ್ಲ, ನಾಗವೇಣಿಗೆ ಹೇಳಲೂ ಇಲ್ಲ. ಅವಳಿಗೆ ಆಗ ಉಸಿರಾಡಲೂ ಪುರಸೊತ್ತಿರಲಿಲ್ಲ. ರಜೆ ಶುರುವಾಗುವ ಮುಂಚಿನ ದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಮೆಟ್ಟಿಲಿನಿಂದ ಫೋನು ಮಾಡಿ, "ಕೊಟ್ಟೆ ಮೇಡಂ" ಎಂದಳು. ಅದೊಂದೇ ಮಾತು, ಆಮೇಲೆ ಬಿಕ್ಕತೊಡಗಿದಳು. ಅವಳು ಸುಧಾರಿಸಿಕೊಂಡ ಮೇಲೆ ಮೇಷ್ಟರ ವಿಷಯ ಹೇಳಿದೆ.

ದೀಪಾವಳಿಯ ಬಲಿಪಾಡ್ಯಮಿ ಕಳೆದ ಮೇಲೆ ಅವಳು ಹೊನ್ನಾಳಿಗೆ ಒಬ್ಬಳೇ ಹೋಗಿ ಅವರನ್ನು ಕಂಡಳಂತೆ. "ನನಗೆ ನೆಲದೊಳಗಿನ ನೀರು ಬಿಟ್ರೆ ಬೇರೇನೂ ಗೊತ್ತಿಲ್ಲ ಸಾರ್. ಗೆಲಾಕ್ಸಿ ಅಂದ್ರೇನು ಅಂತ ನೀವು ಪಾಠ ಮಾಡ್ಬೇಕು" ಎಂದಳಂತೆ. ಅವರು ನಕ್ಕು ಕಳಿಸಲು ನೋಡಿದರೂ ಅವರು ತಡೆ ತೆಗೆದು ಲೆಕ್ಕ ಬಿಡುವವರೆಗೆ ಅವಳು ಕಟ್ಟೆ ಬಿಟ್ಟು ಏಳಲಿಲ್ಲವಂತೆ. ಆ ವಾರ ಶಾಹಿದಾ ಮೇಡಂ, ಮಹೇಶ್ವರಪ್ಪನವರು ತಮ್ಮ ಲೆಕ್ಕವನ್ನು ಮತ್ತೆ ತಡೆಹಿಡಿದರು. ಈ ಸಲ ಯಾರೂ ಕೇಳಿರಲಿಲ್ಲ.

ಲೆಕ್ಕ ಮುಗಿದ ಶನಿವಾರ ಮೇಷ್ಟರು ಬೆಳಿಗ್ಗೆಯೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಂತ್ರದ ಕೋಣೆಯ ಹೊರಗೆ ಮೇಜಿನ ಮೇಲೆ ಪರದೆ ಇಟ್ಟು ಎದುರಿಗೆ ನಾವು ಕೂತೆವು: ನಾಗವೇಣಿ, ಅವಳ ತೊಡೆಯ ಮೇಲೆ ಮಗು, ನಾನು, ಹನುಮಂತಣ್ಣ, ಹಿಂದಿನ ಸಾಲಿನಲ್ಲಿ ಮಹೇಶ್ವರಪ್ಪನವರು. ಪರದೆಯ ಮೇಲೆ ಎರಡು ಬೆಳಕಿನ ಸುಳಿಗಳು ನಿಧಾನವಾಗಿ ಹತ್ತಿರ ಬಂದವು.

"ಹೇಳ್ರಿ ನೋಡಾಣ, ಇವೆರಡೂ ಡಿಕ್ಕಿ ಹೊಡೆದ್ರೆ ಎಷ್ಟು ನಕ್ಷತ್ರ ಒಡೀತಾವೆ?"

"ಎಲ್ಲಾ ಪುಡಿಪುಡಿ ಸಾರ್" ಎಂದರು ಹನುಮಂತಣ್ಣ.

"ಒಂದೂ ಒಡೆಯಲ್ಲ ಅಂದ್ರೂ ನಡೀತೈತೆ. ನಕ್ಷತ್ರಕ್ಕೂ ನಕ್ಷತ್ರಕ್ಕೂ ಮಧ್ಯ ಅಷ್ಟು ಜಾಗ ಐತೆ" ಎಂದರು ಮೇಷ್ಟರು. ಸುಳಿಗಳು ಒಂದರೊಳಗೊಂದು ಹೊಕ್ಕು, ಬಾಲದಂಥ ಬೆಳಕನ್ನು ಎಳೆದುಕೊಂಡು ಆಚೆ ಬಂದವು. ನಾವು ಯಾರೂ ಕಣ್ಣು ಮಿಟುಕಿಸಲಿಲ್ಲ. ಮೇಷ್ಟರ ದನಿ ಏರಿತು, ಕೈ ಗಾಳಿಯಲ್ಲಿ ವೃತ್ತ ಬರೆಯಿತು, ಗುರುತ್ವ ಎಂದರೇನು ಎಂದು ಅವರು ಮೊದಲಿನಿಂದ ಹೇಳತೊಡಗಿದರು. ಇಷ್ಟು ಚೆನ್ನಾಗಿ ನನಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ರಸ್ತೆಯಾಚೆಯ ಹೈಸ್ಕೂಲಿನಲ್ಲಿ ಗಂಟೆ ಹೊಡೆಯಿತು. ಮೇಷ್ಟರು ಮಾತಿನ ಮಧ್ಯದಲ್ಲೇ ನಿಲ್ಲಿಸಿ, ಸೀಮೆಸುಣ್ಣ ಹಿಡಿಯದ ಕೈಗಳನ್ನು ಒಂದಕ್ಕೊಂದು ಕೊಡವಿಕೊಂಡು, "ಬೆಲ್ ಆತು, ಹೋಗ್ರಿ" ಎಂದರು.

ನಾವು ಯಾರೂ ಏಳಲಿಲ್ಲ.